ಕೀ ಬೇಲಿಯ ಆಚೆ ನಿಂತವನು

ಆ ವರ್ಷ ಕಾಫಿ ಹಣ್ಣು ಕೆಂಪಾಗುವ ಹೊತ್ತಿಗೆ ವಿಶ್ವವಿದ್ಯಾಲಯದಿಂದ ಒಬ್ಬಳು ಹುಡುಗಿ ಬಂದಿದ್ದಳು. ಹವಾಯಿ ದ್ವೀಪದ ಕೋನಾ ಎಂಬ ಈ ಇಳಿಜಾರಿನಲ್ಲಿ ಮೂಲ ಹವಾಯಿಯವರು ಹೆಚ್ಚು ಕಷ್ಟದಲ್ಲಿದ್ದಾರೋ, ಮೆಕ್ಸಿಕೋದಿಂದ ಬಂದವರು ಹೆಚ್ಚು ಕಷ್ಟದಲ್ಲಿದ್ದಾರೋ ಎಂದು ತಿಳಿಯಬೇಕಿತ್ತಂತೆ ಅವಳಿಗೆ. ಕಷ್ಟವನ್ನು ತಕ್ಕಡಿಗೆ ಹಾಕಿ ತೂಗುವ ಓದು ಯಾವುದೋ ದೇವರೇ ಬಲ್ಲ. ಎಮಾಲಿಯಾಳ ಮನೆಯ ಜಗಲಿಯಲ್ಲಿ ಇಬ್ಬರು ಹೆಂಗಸರನ್ನು ಕೂರಿಸಿಕೊಂಡು ಒಂದೇ ಪ್ರಶ್ನೆಯನ್ನು ಇಬ್ಬರಿಗೂ ಕೇಳತೊಡಗಿದಳು. ಎಮಾಲಿಯಾ ಈ ನೆಲದ ಮುದುಕಿ, ಕಾಫಿ ತೋಟ ನಡೆಸುವವಳು. ಇನ್ನೊಬ್ಬಳು ಫಿದೆನ್ಸಿಯಾ, ಮೆಕ್ಸಿಕೋದ ವಹಾಕಾ ಬೆಟ್ಟದವಳು. ಎಮಾಲಿಯಾಳ ಹಿತ್ತಿಲ ಕೊನೆಯ ತಗಡಿನ ಮನೆಯಲ್ಲಿದ್ದುಕೊಂಡು ಅದೇ ತೋಟದ ಹಣ್ಣು ಕುಯ್ಯುತ್ತಿದ್ದಳು.

"ಜಾಗ ನಿಮ್ಮದೇನಾ?" ಎಂದು ಹುಡುಗಿ ಕೇಳಿದಳು.

"ನಮ್ಮಜ್ಜನ ಅಜ್ಜ ಹುಟ್ಟಿದ್ದು ಇಲ್ಲೇ," ಎಂದಳು ಎಮಾಲಿಯಾ. "ಬಾಡಿಗೆ ಕಟ್ಟೋಳು ನಾನು. ಯಾರಿಗೆ ಕಟ್ತಿದೀನೋ ಅವರ ಮುಖ ಒಂದು ದಿನ ನೋಡಿಲ್ಲ."

"ಸರ್ಕಾರ ನಿಮ್ಮವರಿಗೆ ಅಂತಲೇ ಜಮೀನು ಇಟ್ಟಿದೆಯಲ್ಲ?"

"ಇಟ್ಟಿದೆಯಮ್ಮ. ಮೈಯಲ್ಲಿ ಅರ್ಧ ರಕ್ತ ನಮ್ಮದೇ ಅಂತ ತೋರಿಸ್ಬೇಕು. ನಮ್ಮಪ್ಪನಿಗಿತ್ತು. ಆ ಜಮೀನಿಗೆ ಕಾದು ಕಾದು ಸತ್ತ. ನಮ್ಮಮ್ಮ ಚೀನಾದವರ ಮಗಳು, ನನ್ನ ರಕ್ತ ಸಾಲ್ತಾ ಇಲ್ಲ."

"ನಮ್ಮ ಹತ್ರ ರಕ್ತ ಕೇಳಲ್ಲ ಆಂಟಿ, ಕಾಗದ ಕೇಳ್ತಾರೆ," ಎಂದಳು ಫಿದೆನ್ಸಿಯಾ.

"ಕಾಗದ ಇವತ್ತಲ್ಲ ನಾಳೆ ಮಾಡಿಸ್ಕೋಬಹುದು ಕಣೆ. ರಕ್ತ ಎಲ್ಲಿಂದ ತರ್ಲಿ?"

"ನಿಮ್ಮನ್ನ ಯಾರೂ ಬಂದು ಎತ್ತಾಕ್ಕೊಂಡು ಹೋಗಲ್ಲವಲ್ಲ."

"ಎತ್ತಾಕ್ಕೊಂಡು ಯಾಕೆ ಹೋಗ್ಬೇಕು? ಬಾಡಿಗೆ ಏರಿಸಿದ್ರೆ ನಾನೇ ಎದ್ದು ಹೋಗ್ತೀನಿ. ನನ್ನ ತಮ್ಮಂದಿರು ಲಾಸ್ ವೇಗಸ್ ಸೇರ್ಕೊಂಡಿದ್ದು ಹಾಗೇ. ಮರಳುಗಾಡಲ್ಲಿ ಕೂತು ಸಮುದ್ರದ ಫೋಟೋ ನೋಡ್ತಾರೆ."

ಹುಡುಗಿ ಬರೆಯುವುದನ್ನೇ ಮರೆತು ಇಬ್ಬರನ್ನೂ ನೋಡುತ್ತಿದ್ದಳು. ಕೊನೆಗೆ ನೆನಪಿಸಿಕೊಂಡು, ಮನೆಯಲ್ಲಿ ಎಷ್ಟು ಜನ ಎಂದು ಕೇಳಿದಳು. ಎಮಾಲಿಯಾ ಹನ್ನೊಂದು ಎಂದಳು. ಅಳಿಯನಿಗೂ ಮಗಳಿಗೂ ಜಗಳವಾದ ದಿನ ಹತ್ತು, ಅವತ್ತು ಅವನು ಕಾರಿನಲ್ಲಿ ಮಲಗುತ್ತಾನೆ ಎಂದೂ ಸೇರಿಸಿದಳು. ಫಿದೆನ್ಸಿಯಾ ಮೂರು ಎಂದಳು. ಎಮಾಲಿಯಾ ತಿರುಗಿ ಅವಳ ಮುಖ ನೋಡಿದಳು. ಆ ತಗಡಿನ ಮನೆಯಲ್ಲಿದ್ದದ್ದು ಫಿದೆನ್ಸಿಯಾ ಮತ್ತು ಅವಳ ಮಗಳು ನಯೇಲಿ, ಇಬ್ಬರೇ. ಗಂಡ ರುತೀಲಿಯೊ ಸತ್ತು ಆಗಲೇ ಏಳು ತಿಂಗಳಾಗಿತ್ತು. ಮುದುಕಿ ತಿದ್ದಲಿಲ್ಲ, ಹುಡುಗಿ ಮೂರು ಎಂದೇ ಬರೆದುಕೊಂಡು ಹೋದಳು.

ರುತೀಲಿಯೊ ಸತ್ತದ್ದು ಇನ್ನೊಬ್ಬರ ತೋಟದಲ್ಲಿ, ಗಿಡ ಕತ್ತರಿಸುತ್ತಿರುವಾಗ, ಎದೆ ಹಿಡಿದುಕೊಂಡು. ಅವನ ತಾಯಿಗೆ ಮಗನ ಹೆಣ ಬೇಕಿತ್ತು. ತೋಟ ತೋಟದ ಕೂಲಿಯವರು, ಚರ್ಚಿನವರು ಎಲ್ಲ ಕೈಹಾಕಿ ಪೆಟ್ಟಿಗೆಯನ್ನು ವಿಮಾನಕ್ಕೇರಿಸಿದರು. ಫಿದೆನ್ಸಿಯಾ ಜೊತೆಗೆ ಹೋಗುವಂತಿರಲಿಲ್ಲ. ಹೋದರೆ ವಾಪಸು ಬರುವ ದಾರಿಯಿಲ್ಲ. ನಯೇಲಿ ಹುಟ್ಟಿದ್ದು ಇಲ್ಲಿ, ಓದುತ್ತಿದ್ದದ್ದು ಇಲ್ಲಿ. ಗಂಡನ ಹೆಣ ಊರಿಗೆ ಹೋಯಿತು, ಹೆಂಡತಿ ದ್ವೀಪದಲ್ಲಿ ಉಳಿದಳು. ವಿಮಾನ ನಿಲ್ದಾಣದ ಸಾಮಾನಿನ ಗೇಟಿನಲ್ಲಿ ಪೆಟ್ಟಿಗೆ ಒಳಗೆ ಸರಿಯುವುದನ್ನು ನೋಡಿದ್ದೇ ಕೊನೆ. ಆ ಗೋರಿಯ ಮೇಲೆ ಒಂದು ಹಿಡಿ ಮಣ್ಣು ಹಾಕಲೂ ಅವಳಿಗೆ ಆಗಲಿಲ್ಲ, ಆ ಸಂಕಟ ಅವಳನ್ನು ಒಂದು ದಿನವೂ ಬಿಟ್ಟಿರಲಿಲ್ಲ.

ಕೂಲಿಯವನು ಸತ್ತ ಮೇಲೆ ಅವನ ಹೆಂಡತಿಗೆ ಕೂಲಿಮನೆ ಯಾಕೆ ಎಂದು ಆ ತೋಟದವರು ಬಾಗಿಲು ತೋರಿಸಿದಾಗ ಕರೆದುಕೊಂಡು ಬಂದವಳು ಎಮಾಲಿಯಾ. ಬಂದ ಮೊದಲ ದಿನವೇ ಮನೆಯ ಸುತ್ತಲಿನ ಬೇಲಿಯನ್ನು ತೋರಿಸಿದ್ದಳು. ಅದು ಕೀ ಗಿಡಗಳ ಬೇಲಿ. ಕಬ್ಬಿನಂಥ ಕಾಂಡ, ತುದಿಯಲ್ಲಿ ಅಂಗೈಯಗಲದ ಉದ್ದುದ್ದ ಹೊಳೆಯುವ ಎಲೆ. ಹಿಂದಿನವರು ಬೆಟ್ಟದಿಂದ ಸಮುದ್ರಕ್ಕೆ ಇಳಿಯುತ್ತಿದ್ದ ಹಾದಿ ಈ ಹಿತ್ತಿಲ ಪಕ್ಕದಲ್ಲೇ ಇತ್ತು. ಸತ್ತ ಮೇಲೂ ಅವರು ಅದೇ ಹಾದಿಯಲ್ಲಿ ಓಡಾಡುತ್ತಾರೆ, ಅಡ್ಡ ಸಿಕ್ಕಿದವರನ್ನು ಬಿಡುವುದಿಲ್ಲ.

"ಹೆದರ್ಕೋಬೇಡ ಮಗಳೇ," ಎಂದಿದ್ದಳು ಎಮಾಲಿಯಾ. "ಈ ಎಲೆ ದಾಟಿ ಸತ್ತವರು ಯಾರೂ ಒಳಗೆ ಬರಲ್ಲ."

ಆಗ ಆ ಮಾತು ಸಮಾಧಾನವಾಗಿತ್ತು. ಅಕ್ಟೋಬರ್ ಬರುತ್ತಲೇ ಅದೇ ಮಾತು ಗಂಟಲಿಗೆ ಸಿಕ್ಕ ಮುಳ್ಳಾಯಿತು. ಏಕೆಂದರೆ ವಹಾಕಾದವರಲ್ಲಿ ಸತ್ತವರು ನವೆಂಬರ್ ಒಂದರ ಮಧ್ಯಾಹ್ನ ಮನೆಗೆ ಬರುತ್ತಾರೆ, ಮಾರನೆಯ ದಿನ ನಡುಹಗಲಿಗೆ ಹೊರಟುಹೋಗುತ್ತಾರೆ. ವರ್ಷಕ್ಕೆ ಅದೊಂದೇ ಭೇಟಿ. ಬಾಗಿಲಿನಿಂದ ಬೀದಿಯವರೆಗೆ ಚೆಂಡುಹೂವಿನ ಎಸಳು ಚೆಲ್ಲಿ ದಾರಿ ತೋರಿಸಬೇಕು, ಅವರಿಗೆ ಇಷ್ಟವಾದದ್ದನ್ನು ಅಟ್ಟು ಬಡಿಸಿಡಬೇಕು. ಫಿದೆನ್ಸಿಯಾ ಹಳೆಯ ಡಬ್ಬಗಳಲ್ಲಿ ಚೆಂಡುಹೂ ಬೆಳೆಸಿದ್ದಳು. ಸತ್ತ ಗಂಡ ಮೊದಲ ಸಲ ಬರುವ ವರ್ಷ, ಬಿಟ್ಟುಕೊಡುವ ಮಾತೇ ಇರಲಿಲ್ಲ.

ಅತ್ತೆ ತೊಮಾಸಾ ಊರಿನಿಂದ ಫೋನು ಮಾಡಿ ಬೇಡ ಎಂದಿದ್ದಳು.

"ಅವನ ಗೋರಿ ಇಲ್ಲಿದೆ, ಅವನು ಇಲ್ಲಿಗೆ ಬರ್ತಾನೆ. ನೀನು ಅಲ್ಲಿ ಹೂವು ಹಾಕಿ ಕರೀಬೇಡ ಕಣವ್ವ. ಎರಡು ಕಡೆಯಿಂದ ಕೂಗಿದ್ರೆ ಬಡಪಾಯಿ ಯಾವ ಕಡೆ ಓಡ್ತಾನೆ? ನಡುವೆ ಎಷ್ಟು ನೀರಿದೆ."

"ಅತ್ತೆ, ಅವನು ದುಡಿದಿದ್ದು ಇಲ್ಲಿ, ಸತ್ತಿದ್ದು ಇಲ್ಲಿ. ಮಗಳು ಇಲ್ಲಿದ್ದಾಳೆ."

"ಹೆತ್ತವಳು ಇಲ್ಲಿದ್ದೀನಲ್ಲ."

ಫಿದೆನ್ಸಿಯಾ ಆಯಿತು ಎಂದು ಫೋನಿಟ್ಟಳು, ಡಬ್ಬಗಳಿಗೆ ನೀರು ಹಾಕಿದಳು. ಹಟಮಾರಿ ಹೆಂಗಸು, ನಿಜ. ಆದರೆ ಗಂಡ ಎರಡನೇ ಸಲ ತನ್ನನ್ನು ದಾಟಿ ಊರಿಗೆ ಹೋಗುವುದನ್ನು ಅವಳ ಜೀವ ಒಪ್ಪಲಿಲ್ಲ.

ಅದೇ ವಾರದಲ್ಲಿ ಬೇಲಿಯ ಆಚೆ ಯಾರೋ ನಿಲ್ಲತೊಡಗಿದರು. ಹೊತ್ತು ಮುಳುಗುವಾಗ, ಬೆಟ್ಟದ ಮೋಡ ಕೆಳಗಿಳಿದು ತೋಟ ಮಬ್ಬಾಗುವ ಹೊತ್ತಿಗೆ, ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಎಮಾಲಿಯಾಳ ಮುದಿ ನಾಯಿ ಲೋಲೋ ಮಾತ್ರ ಎದ್ದುಹೋಗಿ ಬೇಲಿಯ ಒಂದೇ ಜಾಗಕ್ಕೆ ಮುಖಮಾಡಿ ನಿಲ್ಲುತ್ತಿತ್ತು. ಬೊಗಳುತ್ತಿರಲಿಲ್ಲ, ಬಾಲ ಆಡಿಸುತ್ತಿತ್ತು. ಗಾಳಿಯಿಲ್ಲದಿದ್ದರೂ ಅಲ್ಲಿಯ ಎಲೆಗಳು ಯಾರೋ ಕೈಯಲ್ಲಿ ಸವರಿದಂತೆ ಅಲುಗುತ್ತಿದ್ದವು. ಒಂದು ಸಂಜೆ ಸಿಗರೇಟಿನ ವಾಸನೆ ಬಂತು. ರುತೀಲಿಯೊ ಸಿಗರೇಟು ಸೇದುತ್ತಿದ್ದ, ಬೀದಿನಾಯಿಗಳೆಲ್ಲ ಅವನ ಹಿಂದೆ ಬರುತ್ತಿದ್ದವು. ಹಬ್ಬಕ್ಕೆ ಮುಂಚೆಯೇ ಬಂದಿದ್ದಾನೆ, ಒಳಗೆ ಬರಲಾಗದೆ ನಿಂತಿದ್ದಾನೆ ಎಂದು ಅವಳಿಗೆ ಖಾತ್ರಿಯಾಯಿತು. ಬದುಕಿರುವಾಗಲೂ ಅವನು ಕಂಡವರ ಗೇಟಿನ ಹೊರಗೆ ಟೋಪಿ ಹಿಡಿದು ನಿಂತವನೇ. ಈಗ ಸ್ವಂತ ಹೆಂಡತಿಯ ಮನೆಯ ಹೊರಗೂ ನಿಲ್ಲಬೇಕೆ ಎಂದು ಅವಳಿಗೆ ಅಳು ಬಂತು.

ನವೆಂಬರ್ ಒಂದರ ಬೆಳಿಗ್ಗೆ ನಯೇಲಿ ಶಾಲೆಗೆ ಹೋದದ್ದೇ ತಡ, ಫಿದೆನ್ಸಿಯಾ ಮಚ್ಚು ತೆಗೆದುಕೊಂಡು ಬೇಲಿಗೆ ಹೋದಳು. ನಾಯಿ ನಿಲ್ಲುವ ಜಾಗದಲ್ಲಿ ಇಬ್ಬರು ಹೆಗಲು ತಾಗಿಸಿಕೊಂಡು ಬರುವಷ್ಟು ಅಗಲಕ್ಕೆ ಕೀ ಗಿಡಗಳನ್ನು ಕಡಿದು ಹಾಕಿದಳು. ಒಂದು ಸಾಲು ಅಂದುಕೊಂಡಿದ್ದಳು, ಎರಡು ಸಾಲಿತ್ತು. ಹಿಂದಿನದು ಹಳೆಯದು, ಒರಟು. ಮುಂದಿನದು ಎಳೆಯದು. ಎರಡನ್ನೂ ಕಡಿದಳು. ಆಮೇಲೆ ರಸ್ತೆಯಿಂದ ಆ ಕಂಡಿಯ ಮೂಲಕ ಬಾಗಿಲವರೆಗೆ ಹಳದಿ ಎಸಳು ಚೆಲ್ಲುತ್ತ ಬಂದಳು.

ಎಮಾಲಿಯಾ ಬಂದು ನೋಡಿದಳು. ಕಡಿದ ಕಾಂಡವೊಂದನ್ನು ಎತ್ತಿ ಹಿಡಿದು ನಿಂತಳು.

"ಯಾರನ್ನ ಕೇಳಿ ಕಡಿದೆ?"

"ನನ್ನ ಗಂಡ ಹೊರಗೆ ನಿಂತಿದ್ದಾನೆ ಆಂಟಿ. ದಿನಾ ಸಂಜೆ ಬರ್ತಿದ್ದಾನೆ. ನಿಮ್ಮ ನಾಯೀನೇ ಸಾಕ್ಷಿ, ಹೆಂಗೆ ಬಾಲ ಆಡಿಸುತ್ತೆ ನೋಡಿ."

"ನಿನ್ನ ಗಂಡ." ಎಮಾಲಿಯಾ ನಕ್ಕಳು, ಆ ನಗು ಕೇಳುವ ಹಾಗಿರಲಿಲ್ಲ. "ಲೋಲೋ ಯಾವತ್ತು ನೋಡಿತ್ತೇ ನಿನ್ನ ಗಂಡನ್ನ? ನೀನು ಇಲ್ಲಿಗೆ ಬಂದಿದ್ದೇ ಅವನು ಸತ್ತ ಮೇಲೆ."

ಫಿದೆನ್ಸಿಯಾ ಮಚ್ಚು ಕೆಳಗಿಟ್ಟಳು.

"ಆ ನಾಯೀನ ಮರಿ ಇದ್ದಾಗಿಂದ ಸಾಕಿದ್ದು ನನ್ನ ಮಗ ಕವೇಲೊ," ಎಂದಳು ಎಮಾಲಿಯಾ.

ಕವೇಲೊನ ಹೆಸರನ್ನು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಜೈಲಿನಲ್ಲಿ ಸತ್ತ ಎಂದಷ್ಟೇ ಫಿದೆನ್ಸಿಯಾಳಿಗೆ ಗೊತ್ತಿತ್ತು. ಈಗ ಮುದುಕಿ ಮೆಟ್ಟಿಲ ಮೇಲೆ ಕೂತು ಪೂರ್ತಿ ಹೇಳಿದಳು. ಮೊದಲು ಸಿಗರೇಟು, ಆಮೇಲೆ ಹಾಳು ಮತ್ತಿನ ಪುಡಿ, ಆ ಚಟಕ್ಕೆ ಬಿದ್ದು ಮಗ ಒಳಗೆ ಹೋಗಿದ್ದ. ದ್ವೀಪದ ಜೈಲುಗಳು ತುಂಬಿದ್ದವು, ಒಳಗಿದ್ದವರಲ್ಲಿ ಹೆಚ್ಚಿನವರು ಮೂಲ ಹವಾಯಿಯವರೇ. ಸಮುದ್ರ ದಾಟಿಸಿ ಎಲ್ಲೋ ಮರುಭೂಮಿಯ ಜೈಲಿಗೆ ಹಾಕಿದರು. ಒಂದು ಸಲ ಬಂದು ಹೋಗಮ್ಮ ಎಂದು ಅವನು ಫೋನಿನಲ್ಲಿ ಕೇಳುತ್ತಲೇ ಇದ್ದ. ಈ ಸಲದ ಕಾಫಿ ಮುಗಿಯಲಿ ಎಂದು ಇವಳು ಹೇಳುತ್ತಲೇ ಇದ್ದಳು. ಎರಡು ಸಲದ ಕಾಫಿ ಮುಗಿಯಿತು. ಆಮೇಲೆ ಟಪಾಲಿನಲ್ಲಿ ಅವನ ಬೂದಿ ತುಂಬಿದ ಒಂದು ಪೆಟ್ಟಿಗೆ ಬಂತು.

"ಚಪ್ಪಲಿ ಡಬ್ಬದಷ್ಟಿತ್ತು ಕಣೆ. ನನ್ನ ಮಗ ಬಾಗಿಲಿಗೆ ತಲೆ ಬಗ್ಗಿಸ್ಕೊಂಡು ಬರೋ ಅಂಥ ಆಳು. ಹಳೇ ಸಾಲು ನಮ್ಮಪ್ಪ ನೆಟ್ಟಿದ್ದು, ಹಾದಿಯ ಹಳಬರನ್ನ ತಡೆಯೋಕೆ. ಹೊಸ ಸಾಲು ನಾನು ನೆಟ್ಟೆ, ಅವನಿಗೆ."

"ಸ್ವಂತ ಮಗನಿಗಾ ಆಂಟಿ?"

"ಒಳಗೆ ಬಂದ್ರೆ ಒಂದೇ ಮಾತು ಕೇಳ್ತಾನೆ. ಯಾಕೆ ಬರ್ಲಿಲ್ಲ ಅಂತ. ನಾನೇನು ಹೇಳ್ಲಿ ಅವನಿಗೆ?"

ಫಿದೆನ್ಸಿಯಾಳಿಗೆ ಮುದುಕಿಯ ಮೇಲೆ ಕನಿಕರ ಉಕ್ಕಿತು, ಅದರ ಜೊತೆಗೇ ಭಯವೂ ಹುಟ್ಟಿತು. ಬೇಲಿಯಾಚೆ ನಿಂತವನು ಕವೇಲೊ ಆದರೆ ರುತೀಲಿಯೊ ಎಲ್ಲಿ? ಆ ಪ್ರಶ್ನೆಯನ್ನು ಅವಳು ಹಿಂದಕ್ಕೆ ತಳ್ಳಿದಳು. ಮಧ್ಯಾಹ್ನಕ್ಕೆ ಇನ್ನೂ ಹೊತ್ತಿತ್ತು.

"ನಮ್ಮಲ್ಲಿ ಬಂದವರು ಏನೂ ಕೇಳಲ್ಲ ಆಂಟಿ," ಎಂದಳು. "ಹಸಿದು ಬಂದಿರ್ತಾರೆ, ಉಂಡು ಹೋಗ್ತಾರೆ. ಅನ್ನ ಹಂಗೇ ಇರುತ್ತೆ, ಅದರ ರುಚಿ ತಗೊಂಡು ಹೋಗಿರ್ತಾರೆ. ಮಾರನೇ ದಿನ ಬಾಯಿಗಿಟ್ಟರೆ ಸಪ್ಪೆ. ಬಂದಿದ್ದಾರೆ ಅಂತ ಗೊತ್ತಾಗೋದೇ ಹಂಗೆ. ನೀವೂ ಅವನಿಗೆ ಅಂತ ಏನಾದ್ರೂ ತಂದಿಡಿ."

"ನಾನು ಭಾನುವಾರ ಚರ್ಚಿಗೆ ಹೋಗೋಳು. ನಿನ್ನ ಆಟಕ್ಕೆಲ್ಲ ನನ್ನ ಕರೀಬೇಡ," ಎಂದು ಎಮಾಲಿಯಾ ಮುಖ ಊದಿಸಿಕೊಂಡು ಎದ್ದುಹೋದಳು. ಇಷ್ಟೆಲ್ಲ ಆದರೂ ಸಂಜೆ ಬಂದಳು, ಒಣಗಿಸಿದ ಓಪೆಲು ಮೀನೊಂದನ್ನು ಹಿಡಿದುಕೊಂಡು. ಆ ಮೀನನ್ನು ಕೀ ಎಲೆಯಲ್ಲೇ ಸುತ್ತಿ ತಂದಿದ್ದಳು. ಫಿದೆನ್ಸಿಯಾ ಎಲೆ ಬಿಚ್ಚಿ ದೂರಕ್ಕೆಸೆದು, ಮೀನನ್ನು ತಟ್ಟೆಗಿಟ್ಟು ಗಂಡನ ಊಟದ ಪಕ್ಕಕ್ಕೆ ಸರಿಸಿದಳು. ಮೇಜಿನ ಮೇಲೆ ರುತೀಲಿಯೊನ ಫೋಟೋ, ಮೇಣದಬತ್ತಿ, ಒಂದು ಲೋಟ ನೀರು, ರೊಟ್ಟಿ, ಸುಟ್ಟ ಮೆಣಸಿನಕಾಯಿ ಅರೆದು ಮಾಡಿದ ಕಪ್ಪು ಸಾರಿನಲ್ಲಿ ಕೋಳಿ. ಇಡೀ ಎರಡು ದಿನ ಆ ಸಾರಿಗೇ ಹೋಗಿತ್ತು.

ಹೊತ್ತು ಮುಳುಗುತ್ತಿರುವಾಗ ಲೋಲೋ ಎದ್ದಿತು. ಬೇಲಿಯ ಕಂಡಿಯ ತನಕ ಹೋಗಿ, ಅಲ್ಲಿಂದ ತಿರುಗಿ ಹಳದಿ ಎಸಳಿನ ಮೇಲೆ ನಿಧಾನವಾಗಿ ನಡೆದು ಬಂತು. ಪಕ್ಕದಲ್ಲಿ ಬರುವವನ ಮೊಣಕಾಲಿಗೆ ಒರಗಿಕೊಂಡ ನಾಯಿ ಹೇಗೆ ನಡೆಯುತ್ತದೋ ಹಾಗೆ. ಬಾಗಿಲಲ್ಲಿ ಮೇಣದಬತ್ತಿಯ ಉರಿ ಬಗ್ಗಿ, ಮತ್ತೆ ನೆಟ್ಟಗಾಯಿತು. ನಾಯಿ ಮೇಜಿನ ಬುಡದಲ್ಲಿ ಮಲಗಿ ಉದ್ದಕ್ಕೆ ಉಸಿರುಬಿಟ್ಟಿತು. ಎಮಾಲಿಯಾ ಗೋಡೆಗೆ ಬೆನ್ನು ಕೊಟ್ಟು ಕೂತವಳು ಕಣ್ಣು ಮುಚ್ಚಿಕೊಂಡಿದ್ದಳು, ಏನನ್ನೂ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಎದ್ದು ತನ್ನ ಮನೆಗೆ ಹೋದಳು. ನಯೇಲಿ ಅಪ್ಪನನ್ನು ಕಾಯುತ್ತ ಮೂಲೆಯಲ್ಲಿ ನಿದ್ದೆಹೋದಳು, ಫಿದೆನ್ಸಿಯಾ ಮಾತ್ರ ಕಂಡಿಯತ್ತ ಕಣ್ಣು ನೆಟ್ಟು ಕಾದಳು. ಒಬ್ಬ ಬಂದ ದಾರಿಯಲ್ಲಿ ಇನ್ನೊಬ್ಬನೂ ಬರಬಹುದಲ್ಲ.

ಮಾರನೆಯ ದಿನ ನಡುಹಗಲಿಗೆ ಎಮಾಲಿಯಾ ಬಂದಾಗ ಊಟದ ತಟ್ಟೆಗಳು ಹಾಗೇ ಇದ್ದವು. ಫಿದೆನ್ಸಿಯಾ ಮುಟ್ಟಿರಲಿಲ್ಲ.

"ನೀವೇ ನೋಡಿ ಆಂಟಿ. ನನಗೆ ಧೈರ್ಯ ಇಲ್ಲ."

ಎಮಾಲಿಯಾ ಖಾರ ತಿನ್ನುವವಳಲ್ಲ. ಕೆಸುವಿನ ಗಡ್ಡೆಯ ಅಂಬಲಿಯಲ್ಲಿ ಬೆಳೆದ ಬಾಯಿ ಅದು. ಕಪ್ಪು ಸಾರಿನಲ್ಲಿ ಅದ್ದಿದ ರೊಟ್ಟಿಯ ಚೂರನ್ನು ಬಾಯಿಗಿಟ್ಟು ಅಗಿದಳು. ಕಿವಿ ಕೆಂಪಾದವು, ಕಣ್ಣಲ್ಲಿ ನೀರು ತುಂಬಿತು, ಮೂಗು ಸೋರಿತು.

"ಸಪ್ಪೆ," ಎಂದಳು ಕೆಮ್ಮು ತಡೆದುಕೊಂಡು. "ಬರೀ ಸಪ್ಪೆ ಕಣೆ. ಚೆನ್ನಾಗಿ ಉಂಡು ಹೋಗಿದ್ದಾನೆ ನಿನ್ನ ಗಂಡ."

ಫಿದೆನ್ಸಿಯಾ ಅವಳ ಕಣ್ಣೀರನ್ನೇ ನೋಡಿದಳು. ಹೌದು ಎಂದಳು. ಅಷ್ಟು ಪ್ರೀತಿಯಿಂದ ಹೇಳಿದ ಸುಳ್ಳಿಗೆ ಇನ್ನೇನು ಹೇಳುವುದು. ಆಮೇಲೆ ಓಪೆಲು ಮೀನಿನ ಒಂದು ಎಳೆ ಕಿತ್ತು ತನ್ನ ಬಾಯಿಗೆ ಹಾಕಿಕೊಂಡಳು. ಎಮಾಲಿಯಾಳ ಮೀನೆಂದರೆ ಉಪ್ಪಿನ ಹರಳು, ತಿಂದವರು ಕೊಡಗಟ್ಟಲೆ ನೀರು ಕುಡಿಯಬೇಕು ಎಂದು ಮೊಮ್ಮಕ್ಕಳೆಲ್ಲ ಹಾಸ್ಯ ಮಾಡುತ್ತಿದ್ದರು. ಈ ಮೀನಿನಲ್ಲಿ ಉಪ್ಪಿರಲಿಲ್ಲ. ಮೀನಿನ ವಾಸನೆಯೂ ಇರಲಿಲ್ಲ. ನೆನೆದ ರಟ್ಟು ಅಗಿದ ಹಾಗಿತ್ತು.

ಅವಳಿಗೆ ಹೊಟ್ಟೆ ಉರಿಯಿತು. ಬೇಲಿ ಕಡಿದವಳು ತಾನು, ಹೂ ಬೆಳೆಸಿದವಳು ತಾನು, ಬಂದವನು ಇನ್ನೊಬ್ಬಳ ಮಗ. ಉಪ್ಪಿದೆ ಎಂದುಬಿಡಲೇ ಎಂದು ಒಂದು ಕ್ಷಣ ಅನ್ನಿಸಿದ್ದೂ ನಿಜ.

"ಉಪ್ಪಿಲ್ಲ ಆಂಟಿ," ಎಂದಳು. "ಕವೇಲೊ ಬಂದಿದ್ದ."

ಎಮಾಲಿಯಾ ಅವಳ ಕೆನ್ನೆ ತಟ್ಟಿದಳು. "ನೀನೂ ನನ್ನಷ್ಟೇ ಚೆನ್ನಾಗಿ ಸುಳ್ಳು ಹೇಳ್ತೀಯ."

"ಸುಳ್ಳಲ್ಲ. ನಿಮ್ಮಾಣೆ. ತಿಂದು ನೋಡಿ."

ಫಿದೆನ್ಸಿಯಾ ಚಾಚಿದ ತಟ್ಟೆಯಿಂದ ಎಮಾಲಿಯಾ ಹಿಂದೆ ಸರಿದಳು. "ಉಪ್ಪಿದ್ರೆ ನನ್ನ ಮಗ ಬರ್ಲಿಲ್ಲ ಅಂತ. ಇಲ್ದಿದ್ರೆ ಬಂದು ಇಲ್ಲೇ ಕೂತಿದ್ದ, ನಾನು ಕಣ್ಣು ಬಿಟ್ಟು ನೋಡ್ಲಿಲ್ಲ ಅಂತ. ಎರಡೂ ಬೇಡ ನನಗೆ. ಹೀಗೇ ಇರ್ಲಿ ಬಿಡು."

ಅವಳು ಅಂಗಳಕ್ಕಿಳಿದು, ಕಡಿದು ಬಿದ್ದಿದ್ದ ಕಾಂಡಗಳನ್ನು ಒಂದೊಂದಾಗಿ ಆರಿಸತೊಡಗಿದಳು. ಕೀ ಗಿಡದ ತುಂಡನ್ನು ಮಣ್ಣಿಗೆ ಚುಚ್ಚಿದರೆ ಸಾಕು, ಮತ್ತೆ ಬೇರು ಬಿಡುತ್ತದೆ. ಫಿದೆನ್ಸಿಯಾ ತಡೆಯಲಿಲ್ಲ. ಮೇಜಿನ ಮುಂದೆ ಕೂತು, ಬೆರಳಿನಿಂದ ಕಪ್ಪು ಸಾರನ್ನು ಬಳಿದು ನಾಲಿಗೆಗಿಟ್ಟಳು. ಸುಟ್ಟ ಮೆಣಸಿನಕಾಯಿ, ಎಳ್ಳು, ಉಪ್ಪು, ಎಲ್ಲ ಅವಳು ಹಾಕಿದ ಹಾಗೇ ಇತ್ತು. ಒಂದು ಚೂರೂ ಕಡಿಮೆಯಾಗಿರಲಿಲ್ಲ. ಸರಿ, ತಾಯಿಯ ಹತ್ತಿರ ಹೋಗಿದ್ದಾನೆ ಎಂದುಕೊಂಡಳು. ಗೋರಿ ಇರುವುದು ಅಲ್ಲಿ, ಹುಟ್ಟಿದ ಮನೆ ಅಲ್ಲಿ, ಹೋಗಲಿ. ಎಲ್ಲೋ ಒಂದು ಕಡೆ ಹೊಟ್ಟೆ ತುಂಬಾ ಉಂಡಿದ್ದಾನಲ್ಲ. ಹಾಗೆ ಅಂದುಕೊಂಡಾಗ ಎದೆಯ ಭಾರ ಸ್ವಲ್ಪ ಇಳಿದಂತಾಯಿತು. ಮುಂದಿನ ವರ್ಷ ಕರೆಯುವುದು ಬೇಡ ಎಂದೂ ತೀರ್ಮಾನಿಸಿದಳು.

ಆಗ ಫೋನು ಬಂತು. ಅತ್ತೆ ತೊಮಾಸಾ. ಊರಿನಲ್ಲಿ ಆಗಲೇ ಸಂಜೆ, ಸತ್ತವರೆಲ್ಲ ಹೊರಟು ಹೋದ ಹೊತ್ತು.

"ಫಿದೆ, ನೀನು ಅಲ್ಲಿ ಹೂವು ಹಾಕಿದ್ಯಾ? ಬೈಯಲ್ಲ ಕಣವ್ವ, ನಿಜ ಹೇಳು."

"ಹಾಕಿದ್ದೆ ಅತ್ತೆ."

"ಒಳ್ಳೇದಾಯ್ತು," ಎಂದಳು ತೊಮಾಸಾ. ಅವಳು ಅಳುತ್ತಿದ್ದಳು. "ಇಲ್ಲಿ ಎಲ್ಲಾ ಮಾಡಿದ್ದೆ. ಗೋರಿಯಿಂದ ಬಾಗಿಲ ತನಕ ಹೂವು. ಅವನು ಬರ್ಲಿಲ್ಲ. ಕೋಳಿ ಸಾರು ಬಾಯಿಗಿಟ್ಟೆ, ಹಾಕಿದ ಉಪ್ಪು ಹಾಕಿದಂಗೇ ಇತ್ತು. ನಿನ್ನ ಹತ್ರ ಬಂದಿರ್ಬೇಕು ಅಂತ ಸಮಾಧಾನ ಮಾಡ್ಕೊಂಡೆ. ಬಂದಿದ್ನಾ?"

ಫಿದೆನ್ಸಿಯಾಳ ನಾಲಿಗೆಯ ಮೇಲೆ ಖಾರ ಇನ್ನೂ ಉರಿಯುತ್ತಿತ್ತು. ಬಾಗಿಲಿನಾಚೆ, ತೋಟದ ಕೆಳಗೆ, ಸಮುದ್ರ ಆಕಾಶದವರೆಗೆ ಬರೀ ನೀರಾಗಿ ಬಿದ್ದಿತ್ತು. ಅದರ ಮೇಲೆ ಒಂದು ದೋಣಿಯೂ ಇರಲಿಲ್ಲ. ಈ ಕಡೆಯಿಂದ ಹೆಂಡತಿ ಕೂಗಿದ್ದಳು, ಆ ಕಡೆಯಿಂದ ತಾಯಿ ಕೂಗಿದ್ದಳು.

"ಬಂದಿದ್ದ ಅತ್ತೆ," ಎಂದಳು. "ಹೊಟ್ಟೆ ತುಂಬಾ ಉಂಡ."

"ಅಷ್ಟು ದೂರ. ಸುಸ್ತಾಗಿದ್ನಾ?"

"ಇಲ್ಲ ಅತ್ತೆ. ದಾರಿ ಚೆನ್ನಾಗಿ ಸಿಕ್ಕಿತಂತೆ."